ಚಂದಾ ಕಟ್ಟಿ ಕಾದ 14 ತಿಂಗಳು

ಲಕ್ಷಾಂತರ ಮಂದಿ ಅಂತರಜಾಲದಲ್ಲಿ ಒಟ್ಟಿಗೆ ಆಡುವ ಆಟಕ್ಕೆ ಕೊನೆಯಿಲ್ಲ. ಹೊಸ ಸಾಹಸಗಳು ಸೇರುತ್ತಲೇ ಇರಬೇಕು. ಅಮೆರಿಕದ ಬ್ಲಿಝಾರ್ಡ್ ಕಂಪನಿ 2004ರಲ್ಲಿ ಹೊರತಂದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಡವಿದ್ದು ಇಲ್ಲಿಯೇ.

2014ರ ನವೆಂಬರ್‌ನಲ್ಲಿ ಇದರ ಐದನೆಯ ವಿಸ್ತರಣೆ 'ವಾರ್‌ಲಾರ್ಡ್ಸ್ ಆಫ್ ಡ್ರೇನರ್' ಬಂದಾಗ ಚಂದಾದಾರರು ಒಂದು ಕೋಟಿ ದಾಟಿದ್ದರು. 2015ರ ಮಾರ್ಚ್ ಕೊನೆಗೆ ಉಳಿದವರು 71 ಲಕ್ಷ. ಜೂನ್‌ನಲ್ಲಿ ಕೊನೆಯ ದೊಡ್ಡ ಕಂತು ಬಂತು. ಆ ಬಳಿಕ ತಿಂಗಳ ಚಂದಾ ಕಟ್ಟಿದರೂ ಗೆದ್ದ ಕಾಳಗವನ್ನೇ ಮತ್ತೆ ಗೆಲ್ಲುವ ಸ್ಥಿತಿ. ಆಟಗಾರರು ಬೇಸತ್ತರು. ಸೆಪ್ಟೆಂಬರ್ ವೇಳೆಗೆ ಸಂಖ್ಯೆ 55 ಲಕ್ಷಕ್ಕಿಳಿಯಿತು. ಕಂಪನಿ ಈ ಲೆಕ್ಕ ಪ್ರಕಟಿಸುವುದನ್ನೇ ನಿಲ್ಲಿಸಿತು.

ಮುಂದಿನ ವಿಸ್ತರಣೆ 'ಲೀಜನ್' ಬಂದದ್ದು ಜೂನ್ ಕಂತಿನ 14 ತಿಂಗಳ ನಂತರ, 2016ರ ಆಗಸ್ಟ್ 30ರಂದು. ಈ ಬಾರಿ ಮಾತ್ರ ಒಂದೇ ವರ್ಷದೊಳಗೆ ಮೂರು ದೊಡ್ಡ ಕಂತುಗಳು ಸೇರಿದವು.