ಮೊನಚಾದ ರೇಖೆಯ ಸಾಕ್ಷ್ಯ: ಎಲೆಕ್ಟ್ರಾನ್ ಇಂಟರ್‌ಫೆರೊಮೀಟರ್‌ಗಳ ಚರಿತ್ರೆಯಲ್ಲಿ 2007ರ ಸ್ಥಾನ

ಕ್ವಾಂಟಮ್ ಅಳತೆಯ ಚರಿತ್ರೆಯನ್ನು ಜನಪ್ರಿಯವಾಗಿ ಬರೆಯುವವರು 1998ರಿಂದ ನೇರ 2014ಕ್ಕೆ ಜಿಗಿಯುತ್ತಾರೆ. ರೆಹೊವೊತ್‌ನ ವೈಜ್‌ಮನ್ ಸಂಸ್ಥೆಯಲ್ಲಿ ಬಕ್ಸ್, ಹೈಬ್ಲಮ್ ಮತ್ತು ಸಂಗಡಿಗರು ನಡೆಸಿದ ‘ಯಾವ ದಾರಿ’ ಪ್ರಯೋಗ ಮೊದಲನೆಯದು. ಅದೇ ಪ್ರಯೋಗಾಲಯದ ಕ್ವಾಂಟಮ್ ಅಳಿಸುಗ ಎರಡನೆಯದು. ನಡುವಿನ ಕೆಲಸವೆಲ್ಲ ಅವರಿಗೆ ಬರೀ ಉಪಕರಣದ ಸುಧಾರಣೆ. ಈ ಜಿಗಿತದಿಂದ ಒಂದು ತಪ್ಪು ಓದು ಬೇರುಬಿಟ್ಟಿದೆ: ಡಿಟೆಕ್ಟರ್‌ನಲ್ಲಿ ಹರಿಯುವ ಕರೆಂಟಿನ ಗದ್ದಲ ಪಕ್ಕದ ಎಲೆಕ್ಟ್ರಾನನ್ನು ಸದಾ ಅಲುಗಾಡಿಸುತ್ತದೆ, ಅದರಿಂದ ವ್ಯತಿಕರಣ ಮಾಸುತ್ತದೆ, ‘ಅಳತೆ’ ಎನ್ನುವುದು ಆ ಗದ್ದಲಕ್ಕಿಟ್ಟ ಹೆಸರು. ಇದನ್ನು ನಾನು ಒಪ್ಪಲಾರೆ.

ಆದರೆ 1998ರ ಪುರಾವೆಯೊಂದರಿಂದಲೇ ಇದನ್ನು ಅಲ್ಲಗಳೆಯಲು ಸಾಧ್ಯವಿಲ್ಲ. ನನ್ನ ಪಕ್ಷದವರೇ ಕೆಲವರು ಇದನ್ನು ಮರೆಯುತ್ತಾರೆ. ಅಲ್ಲಿ ಇಂಟರ್‌ಫೆರೊಮೀಟರ್‌ನ ಒಂದು ಕವಲಿನಲ್ಲಿ ಕ್ವಾಂಟಮ್ ಡಾಟ್ ಇತ್ತು, ಅದಕ್ಕೆ ತಾಗಿದಂತೆ ಡಿಟೆಕ್ಟರ್ ಆಗಿ ಪಾಯಿಂಟ್ ಕಾಂಟ್ಯಾಕ್ಟ್. ಡಾಟ್‌ನಲ್ಲಿ ಎಲೆಕ್ಟ್ರಾನ್ ತಂಗಿದರೆ ಕಾಂಟ್ಯಾಕ್ಟ್ ದಾಟುವ ಸಂಭವನೀಯತೆ ಟಿ ತುಸು ಬದಲಾಗುತ್ತದೆ. ಮಾಹಿತಿಯ ಲೆಕ್ಕದಲ್ಲಿ ವ್ಯತಿಕರಣ ಅಳಿಯುವ ದರ ಈ ಬದಲಾವಣೆಯ ವರ್ಗವನ್ನು ಟಿ(1−ಟಿ)ಯಿಂದ ಭಾಗಿಸಿದ್ದಕ್ಕೆ ಅನುಪಾತ. ಕಾಂಟ್ಯಾಕ್ಟ್‌ನ ಕರೆಂಟಿನ ಗದ್ದಲವೂ ಟಿ(1−ಟಿ)ಗೆ ಅನುಪಾತ, ಅಂದರೆ ಗದ್ದಲ ಛೇದದಲ್ಲಿದೆ. ಅದು ಹೆಚ್ಚಿದಷ್ಟೂ ದಾರಿ ಪತ್ತೆಯಾಗುವುದು ಕಷ್ಟ. ಇಲ್ಲಿಗೇ ವಾದ ಗೆದ್ದೆವೆಂದು ಹಲವರು ನಿಲ್ಲಿಸುತ್ತಾರೆ. ಆದರೆ ಕಾಂಟ್ಯಾಕ್ಟ್‌ನ ವಿಭವ ತಡಿಯಾಕಾರದ್ದಾದರೆ ಆ ಸಣ್ಣ ಬದಲಾವಣೆಯೇ ಟಿ(1−ಟಿ)ಗೆ ಅನುಪಾತವಾಗಿರುತ್ತದೆ. ವರ್ಗ ಮಾಡಿ ಭಾಗಿಸಿದರೆ ಮತ್ತೆ ಟಿ(1−ಟಿ)ಯೇ ಉಳಿಯುತ್ತದೆ, ಗದ್ದಲದ ಲೆಕ್ಕ ಕೊಡುವುದೂ ಅದನ್ನೇ. ಎರಡು ಓದುಗಳಿಗೂ ಒಂದೇ ರೇಖೆ! (ಎರಡೂ ವಿವರಣೆಗಳು ಸಮಾನವೆಂದು ಸ್ಟರ್ನ್, ಅಹರೊನೊವ್, ಇಮ್ರಿ 1990ರಲ್ಲೇ ತೋರಿಸಿದ್ದರು. ಅವರ ಹೆಸರು ಹೇಳಿ ಪ್ರಶ್ನೆಯನ್ನೇ ಮುಚ್ಚಿಬಿಡುವವರ ಬಗ್ಗೆ ನನಗೆ ತಾಳ್ಮೆಯಿಲ್ಲ. ಆ ಗದ್ದಲ ಎಂಥದ್ದು ಎಂಬ ಪ್ರಶ್ನೆ ಆಗಲೂ ಉಳಿದಿತ್ತು.)

ಉತ್ತರ ಸಿಕ್ಕಿದ್ದು 2007ರಲ್ಲಿ, ನೆಡರ್, ಮಾರ್ಕ್ವಾರ್ಟ್, ಹೈಬ್ಲಮ್ ಮತ್ತಿತರರು ‘ನೇಚರ್ ಫಿಸಿಕ್ಸ್’ನಲ್ಲಿ ಬರೆದ ಲೇಖನದಲ್ಲಿ. ಇಲ್ಲಿ 1998ರದ್ದರಂಥ ಉಂಗುರವಿಲ್ಲ, 2003ರಲ್ಲಿ ಅದೇ ಗುಂಪು ಕಟ್ಟಿದ ಬಗೆಯ ಮಾಖ್–ಜೆಂಡರ್ ಇಂಟರ್‌ಫೆರೊಮೀಟರ್ ಇದೆ. ಬಲವಾದ ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನ್‌ಗಳು ಮಾದರಿಯ ಅಂಚು ಹಿಡಿದು ಹರಿಯುತ್ತವೆ. ಹೊರ ಅಂಚಿನ ಹರಿವು ವ್ಯತಿಕರಣ ತೋರಿಸಿದರೆ, ಪಕ್ಕದಲ್ಲೇ ಸಾಗುವ ಒಳ ಅಂಚಿನದು ಡಿಟೆಕ್ಟರ್. ಡಿಟೆಕ್ಟರ್‌ನ ಒಂದು ಎಲೆಕ್ಟ್ರಾನ್ ಪಕ್ಕದಲ್ಲಿ ಹಾದುಹೋದರೆ ವ್ಯತಿಕರಣದ ಪ್ರಾವಸ್ಥೆ ಥೀಟಾದಷ್ಟು ಸರಿಯುತ್ತದೆ ಎನ್ನೋಣ. ಅದು ಹಾಯುವ ಸಂಭವ ಟಿ, ಹಾಯದಿರುವುದು 1−ಟಿ. ಥೀಟಾ ಅರ್ಧ ಸುತ್ತಿನಷ್ಟಾದರೆ ವ್ಯತಿಕರಣದ ಪಟ್ಟೆಗಳಲ್ಲಿ ಉಳಿಯುವ ಪಾಲು 1−2ಟಿಯ ಪರಿಮಾಣ. ಟಿ ಅರ್ಧವಾದಲ್ಲಿ ಅದು ಪೂರ್ತಿ ಸೊನ್ನೆ, ರೇಖೆಗೆ ಅಲ್ಲಿ ಮೊನೆ. ಅಸಂಖ್ಯ ಸಣ್ಣ ಅಲುಗಾಟಗಳು ಕೂಡಿದ ಗಾಸಿಯನ್ ಗದ್ದಲವಾಗಿದ್ದರೆ ರೇಖೆ ಅರ್ಧದ ಬಳಿ ನುಣುಪಾಗಿ ಬಾಗಬೇಕಿತ್ತು, ಸೊನ್ನೆಯನ್ನು ಮುಟ್ಟಲೂ ಬಾರದಿತ್ತು. ಡಿಟೆಕ್ಟರ್‌ನ ವೋಲ್ಟೇಜ್ ಏರಿಸಿದಾಗ ಪ್ರಯೋಗದಲ್ಲಿ ಆ ನುಣುಪು ಹೋಗಿ ಮೊನೆ ಕಂಡಿತು. ಅಂದರೆ ಪಟ್ಟೆಗಳನ್ನು ಅಳಿಸುತ್ತಿದ್ದದ್ದು ಬೆರಳೆಣಿಕೆಯ ಎಲೆಕ್ಟ್ರಾನ್‌ಗಳು. ಪ್ರತಿಯೊಂದೂ ದಾರಿಯ ಸುದ್ದಿಯನ್ನು ಬಹುಪಾಲು ಇಡಿಯಾಗಿ ಹೊತ್ತೊಯ್ಯುತ್ತಿತ್ತು.

ಅದೇ ವರ್ಷ ‘ಫಿಸಿಕಲ್ ರಿವ್ಯೂ ಲೆಟರ್ಸ್’ನಲ್ಲಿ ಬಂದ ಜೊತೆ ಲೇಖನವನ್ನು ಇದರೊಂದಿಗೇ ಓದಬೇಕು. ಡಿಟೆಕ್ಟರ್ ವ್ಯತಿಕರಣವನ್ನು ಪೂರ್ತಿ ಅಳಿಸಿದ ಮೇಲೆ ನೆಡರ್ ಮತ್ತು ಸಂಗಡಿಗರು ಎರಡೂ ಕರೆಂಟುಗಳ ಏರಿಳಿತಗಳ ಪರಸ್ಪರ ಸಂಬಂಧವನ್ನು ಅಳೆದರು. ಬಿಡಿಯಾದ ಕರೆಂಟಿನಲ್ಲಿ ಮಾಯವಾಗಿದ್ದ ಪಟ್ಟೆಗಳು ಈ ಅಳತೆಯಲ್ಲಿ ಮರಳಿ ಬಂದವು. ದಾಖಲೆ ಉಳಿಯುವ ಯಾವ ಗದ್ದಲಕ್ಕೂ ಇಂಥ ಮರಳಿಕೆ ಸಾಧ್ಯ ಎಂದು ಆಕ್ಷೇಪಿಸಬಹುದು. ಆ ಆಕ್ಷೇಪ ನ್ಯಾಯವಾದದ್ದು, ಮರಳಿಕೆಯೊಂದನ್ನೇ ನೋಡಿದರೆ ಅದಕ್ಕೆ ಉತ್ತರವಿಲ್ಲ. ಮೊನಚಾದ ರೇಖೆಯನ್ನು ಪಕ್ಕದಲ್ಲಿಟ್ಟಾಗ ಮಾತ್ರ, ಹೆಚ್ಚುಕಡಿಮೆ ಒಂದೊಂದೇ ಎಲೆಕ್ಟ್ರಾನ್ ಜೋಡಿ ಹೆಣೆದುಕೊಂಡಿತ್ತೆಂಬ ಲೇಖಕರ ಮಾತಿಗೆ ಬಲ ಬರುತ್ತದೆ.

2014ರಲ್ಲಿ ವೈಸ್ ಮತ್ತು ಸಂಗಡಿಗರು ಡಿಟೆಕ್ಟರ್ ಅನ್ನೇ ಎರಡನೆಯ ಮಾಖ್–ಜೆಂಡರ್ ಆಗಿ ಕಟ್ಟಿದರು. ದಾರಿಯ ಸುದ್ದಿಯನ್ನು ಅಳಿಸುವ ಪ್ರಮಾಣವನ್ನು ಹಂತಹಂತವಾಗಿ ಹೊಂದಿಸಲು ಇದರಿಂದ ಸಾಧ್ಯವಾಯಿತು, ಅದು ದೊಡ್ಡ ಸಾಧನೆಯೇ. ಆದರೆ ಪಟ್ಟೆಗಳನ್ನು ಮರಳಿ ಕಾಣಿಸಿದ್ದು ಅಲ್ಲಿಯೂ ಎರಡು ಕರೆಂಟುಗಳ ಪರಸ್ಪರ ಸಂಬಂಧದ ಅಳತೆಯೇ, 2007ರಲ್ಲಿ ನೆಡರ್ ಮಾಡಿದ್ದೇ.