ಕೋವಿಯ ಶಬ್ದ ತಗ್ಗಿಸುವ ನಳಿಗೆ ಸಾಧನಗಳು ಮತ್ತು ಕಿವಿಯ ರಕ್ಷಣೆ: ಪರವಾನಗಿದಾರರು ಹಾಗೂ ಅರ್ಜಿದಾರರಿಗೆ ಮಾಹಿತಿ

(ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳು)

ಪೀಠಿಕೆ

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳಲ್ಲಿ ಅಡಿಕೆ, ತೆಂಗು, ಬಾಳೆ ಮತ್ತು ಭತ್ತದ ಬೆಳೆಗಳನ್ನು ಕಾಡುಹಂದಿ ಮೊದಲಾದ ಪ್ರಾಣಿಗಳಿಂದ ಕಾಪಾಡಲು ಕೃಷಿಕರು ಪರವಾನಗಿ ಪಡೆದ ಕೋವಿಗಳನ್ನು ಹೊಂದಿರುತ್ತಾರೆ. ಕೋವಿಯ ಶಬ್ದದಿಂದ ಕಿವಿಗೆ ತೊಂದರೆಯಾಗುತ್ತಿರುವುದರಿಂದ ನಳಿಗೆಯ ತುದಿಗೆ ಶಬ್ದ ತಗ್ಗಿಸುವ ಸಾಧನವನ್ನು ಅಳವಡಿಸಬಹುದೇ, ಅಳವಡಿಸುವುದಾದರೆ ಯಾವುದು ಸೂಕ್ತ ಎಂಬ ಪ್ರಶ್ನೆಗೆ ಸಂಬಂಧಿಸಿದ ಕಾನೂನು ಹಾಗೂ ಸುರಕ್ಷತಾ ಅಂಶಗಳನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ನೀಡಲಾಗಿದೆ.

ಕಾನೂನಿನಲ್ಲಿ ಶಬ್ದ ತಗ್ಗಿಸುವ ಸಾಧನದ ಸ್ಥಾನ

ಆಯುಧ ಅಧಿನಿಯಮ, 1959ರ ಕಲಂ 2(1)(ಇ) ರಲ್ಲಿ "ಬಂದೂಕು" ಎಂಬುದಕ್ಕೆ ನೀಡಿರುವ ವ್ಯಾಖ್ಯೆಯು ಕೋವಿಗೆ ಮಾತ್ರ ಸೀಮಿತವಾಗಿಲ್ಲ. ಗುಂಡು ಹಾರಿಸುವಾಗ ಉಂಟಾಗುವ ಶಬ್ದವನ್ನಾಗಲಿ ಬೆಂಕಿಯ ಹೊಳಪನ್ನಾಗಲಿ ಕಡಿಮೆ ಮಾಡಲು ರಚಿಸಿದ ಅಥವಾ ಮಾರ್ಪಡಿಸಿದ ಉಪಸಾಧನಗಳೂ ಈ ವ್ಯಾಖ್ಯೆಗೆ ಒಳಪಡುತ್ತವೆ. ಆದುದರಿಂದ ಸೈಲೆನ್ಸರ್ ಕಾನೂನಿನ ದೃಷ್ಟಿಯಲ್ಲಿ ಸ್ವತಃ ಒಂದು ಬಂದೂಕು ಆಗಿರುತ್ತದೆ. ಕೋವಿಗೆ ದೊರೆತ ಪರವಾನಗಿಯು ಅದರಲ್ಲಿ ನಮೂದಿಸಿರುವ ಕೋವಿಗೆ ಮಾತ್ರ ಅನ್ವಯಿಸುತ್ತದೆ. ಆ ಪರವಾನಗಿಯ ಆಧಾರದ ಮೇಲೆ ಸೈಲೆನ್ಸರ್ ಹೊಂದಲು ಅವಕಾಶವಿರುವುದಿಲ್ಲ. ಪರವಾನಗಿ ಇಲ್ಲದೆ ಅದನ್ನು ಹೊಂದುವುದು ಕಲಂ 3ರ ಉಲ್ಲಂಘನೆಯಾಗಿದ್ದು, ಕಲಂ 25ರ ಅಡಿಯಲ್ಲಿ ದಂಡನೀಯ ಅಪರಾಧವಾಗಿರುತ್ತದೆ.

ಸ್ಥಳೀಯ ಲೇತ್ ಅಥವಾ ವೆಲ್ಡಿಂಗ್ ಕಾರ್ಯಾಗಾರಗಳಲ್ಲಿ ನಳಿಗೆಗೆ ತಿರುಪು ಕೊರೆಸುವುದು ಅಥವಾ ಕೊಳವೆ ಜೋಡಿಸುವುದು ಸಹ ಸಲ್ಲದು. ಬಂದೂಕುಗಳ ತಯಾರಿಕೆ, ಮಾರ್ಪಾಡು ಹಾಗೂ ದುರಸ್ತಿಗೆ ಕಲಂ 5ರ ಅಡಿಯಲ್ಲಿ ಪ್ರತ್ಯೇಕ ಪರವಾನಗಿ ಅಗತ್ಯ. ನಳಿಗೆಯನ್ನು ಕತ್ತರಿಸಿ ಗಿಡ್ಡಗೊಳಿಸುವುದು ಕಲಂ 6ರ ವ್ಯಾಪ್ತಿಗೆ ಬರುತ್ತದೆ. ನಳಿಗೆ ಗಿಡ್ಡವಾದಷ್ಟೂ ಸಿಡಿತವು ಮುಖಕ್ಕೆ ಹತ್ತಿರವಾಗಿ ಶಬ್ದವು ಇನ್ನಷ್ಟು ಹೆಚ್ಚುತ್ತದೆ ಎಂಬುದನ್ನೂ ಗಮನಿಸತಕ್ಕದ್ದು.

ನಳಿಗೆ ಸಾಧನಗಳ ವಿಧಗಳು

1. ಮಝಲ್ ಬ್ರೇಕ್ ಮತ್ತು ಕಾಂಪೆನ್ಸೇಟರ್: ಇವು ಅನಿಲವನ್ನು ಪಕ್ಕಕ್ಕೆ, ಹಿಂದಕ್ಕೆ ಅಥವಾ ಮೇಲಕ್ಕೆ ತಿರುಗಿಸಿ ಕೋವಿಯ ಒದೆತವನ್ನು ಅಥವಾ ನಳಿಗೆಯ ಏಳುವಿಕೆಯನ್ನು ತಗ್ಗಿಸುತ್ತವೆ. ಇವುಗಳಿಂದ ಹಾರಿಸುವವರ ಹಾಗೂ ಪಕ್ಕದಲ್ಲಿರುವವರ ಕಿವಿಗೆ ತಲುಪುವ ಶಬ್ದವು ಕಡಿಮೆಯಾಗುವುದಿಲ್ಲ, ಬದಲಾಗಿ ಹೆಚ್ಚುತ್ತದೆ.

2. ಫ್ಲ್ಯಾಶ್ ಹೈಡರ್: ಇದು ಬೆಂಕಿಯ ಹೊಳಪನ್ನು ತಗ್ಗಿಸುತ್ತದೆ, ಶಬ್ದವನ್ನಲ್ಲ. ಹೊಳಪು ತಗ್ಗಿಸುವ ಸಾಧನವೂ ಮೇಲಿನ ವ್ಯಾಖ್ಯೆಗೆ ಸೇರುತ್ತದೆ.

3. ಚೋಕ್: ಇದು ಚರೆಗಳ ಹರಡುವಿಕೆಯನ್ನು ನಿಯಂತ್ರಿಸುತ್ತದೆ. ಶಬ್ದ ತಗ್ಗಿಸುವುದು ಇದರ ಕೆಲಸವಲ್ಲ.

4. ಸೈಲೆನ್ಸರ್: ಇದು ಶಬ್ದವನ್ನು ಸುಮಾರು 20ರಿಂದ 30 ಡೆಸಿಬಲ್‌ನಷ್ಟು ತಗ್ಗಿಸಬಲ್ಲದು, ಪೂರ್ಣವಾಗಿ ಅಡಗಿಸಲಾರದು. ಉತ್ತಮ ಕಿವಿ ರಕ್ಷಕಗಳಿಂದಲೂ ಹಾರಿಸುವವರಿಗೆ ಹೆಚ್ಚುಕಡಿಮೆ ಇಷ್ಟೇ ರಕ್ಷಣೆ ದೊರೆಯುತ್ತದೆ.

ಬೆಳೆ ರಕ್ಷಣೆಯ ಉದ್ದೇಶದಲ್ಲಿ ಪ್ರಾಣಿಗಳನ್ನು ಬೆದರಿಸಿ ಓಡಿಸುವುದು ಕೋವಿಯ ಶಬ್ದವೇ ಎಂಬುದನ್ನು ಕೃಷಿಕರು ಬಲ್ಲರು. ಆದುದರಿಂದ ತಗ್ಗಿಸಬೇಕಾದುದು ತೋಟದಲ್ಲಿ ಕೇಳುವ ಶಬ್ದವನ್ನಲ್ಲ, ಹಾರಿಸುವವರ ಕಿವಿಯೊಳಗೆ ಹೋಗುವ ಶಬ್ದವನ್ನು.

ಶ್ರವಣಶಕ್ತಿಗೆ ಆಗುವ ಹಾನಿ

ಕೋವಿಯ ಸಿಡಿತದ ಗರಿಷ್ಠ ಶಬ್ದಮಟ್ಟವು ಸಾಮಾನ್ಯವಾಗಿ 140 ಡೆಸಿಬಲ್‌ಗಿಂತ ಅಧಿಕವಾಗಿದ್ದು, 12 ಬೋರ್ ಕೋವಿಯಲ್ಲಿ 150ನ್ನು ಮೀರುತ್ತದೆ. ಈ ಮಟ್ಟದಲ್ಲಿ ಒಂದೇ ಸಿಡಿತದಿಂದಲೂ ಒಳಕಿವಿಯ ಸೂಕ್ಷ್ಮ ರೋಮಕೋಶಗಳಿಗೆ ಹಾನಿಯಾಗಬಹುದು. ನಾಶವಾದ ಕೋಶಗಳು ಮತ್ತೆ ಬೆಳೆಯುವುದಿಲ್ಲ. ಬಲಭುಜಕ್ಕೆ ಆನಿಸಿ ಹಾರಿಸುವವರಲ್ಲಿ ನಳಿಗೆಯ ಕಡೆಗಿರುವ ಎಡಗಿವಿಯು ಸಾಮಾನ್ಯವಾಗಿ ಮೊದಲು ಮಂದವಾಗುತ್ತದೆ. ಗೋಡೆ ಮತ್ತು ಮಾಡು ಶಬ್ದವನ್ನು ಪ್ರತಿಫಲಿಸುವುದರಿಂದ ಮನೆಯ ಜಗಲಿ, ಅಂಗಳದ ಚಪ್ಪರ ಅಥವಾ ಕಾವಲು ಗುಡಿಸಲಿನೊಳಗಿಂದ ಹಾರಿಸುವುದು ತೆರೆದ ಸ್ಥಳಕ್ಕಿಂತ ಅಪಾಯಕರ.

ಕಿವಿ ರಕ್ಷಣೆಯ ಕ್ರಮಗಳು

ಕೆಳಕಂಡ ಸಾಧನಗಳಿಗೆ ಯಾವುದೇ ಪರವಾನಗಿ ಬೇಕಾಗಿರುವುದಿಲ್ಲ.

1. ಫೋಮ್ ಇಯರ್‌ಪ್ಲಗ್: ಬೆರಳುಗಳಿಂದ ತೆಳ್ಳಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಟ್ಟು, ಅದು ಹಿಗ್ಗುವವರೆಗೆ ಒತ್ತಿ ಹಿಡಿಯತಕ್ಕದ್ದು. ಸರಿಯಾಗಿ ಕೂರದ ಪ್ಲಗ್‌ನಿಂದ ಪ್ರಯೋಜನ ಅತ್ಯಲ್ಪ. ಹತ್ತಿಯು ಇದಕ್ಕೆ ಬದಲಿಯಲ್ಲ.

2. ಇಯರ್‌ಮಫ್: ಕಿವಿಯನ್ನು ಸಂಪೂರ್ಣವಾಗಿ ಮುಚ್ಚಬೇಕು. ಕನ್ನಡಕದ ಕಡ್ಡಿ ಅಥವಾ ಮುಂಡಾಸಿನ ಬಟ್ಟೆ ನಡುವೆ ಬಂದಲ್ಲಿ ರಕ್ಷಣೆ ಕುಗ್ಗುತ್ತದೆ.

3. ಎಲೆಕ್ಟ್ರಾನಿಕ್ ಇಯರ್‌ಮಫ್: ಇದು ಮಾತು, ಹೆಜ್ಜೆ ಸಪ್ಪಳಗಳನ್ನು ಕೇಳಿಸಿ ಸಿಡಿತವನ್ನು ಮಾತ್ರ ತಡೆಯುತ್ತದೆ. ರಾತ್ರಿ ಕಾವಲಿಗೆ ಅನುಕೂಲಕರ.

4. ಪ್ಲಗ್ ಮತ್ತು ಮಫ್ ಎರಡನ್ನೂ ಒಟ್ಟಿಗೆ ಧರಿಸುವುದು ಉತ್ತಮ. ಆದರೆ ಎರಡರ ಅಂಕಿಗಳನ್ನು ಕೂಡಿಸಲಾಗದು. ಹೆಚ್ಚಿನ ರಕ್ಷಣೆ ಸುಮಾರು 5 ಡೆಸಿಬಲ್ ಮಾತ್ರ.

ಜೊತೆಯಲ್ಲಿರುವವರಿಗೂ ರಕ್ಷಣೆ ಅಗತ್ಯ. ಮಕ್ಕಳನ್ನು ದೂರವಿರಿಸತಕ್ಕದ್ದು. ಗುಂಡು ಹಾರಿಸಿದ ನಂತರ ಕಿವಿಯಲ್ಲಿ ಗುಂಯ್‌ಗುಡುವಿಕೆ ಅಥವಾ ಮಂದತೆ ಮರುದಿನವೂ ಉಳಿದಲ್ಲಿ ತಡಮಾಡದೆ ಮಂಗಳೂರಿನ ಸರ್ಕಾರಿ ವೆನ್ಲಾಕ್ ಜಿಲ್ಲಾ ಆಸ್ಪತ್ರೆಯಲ್ಲಿ ಅಥವಾ ಸಮೀಪದ ಕಿವಿ, ಮೂಗು, ಗಂಟಲು ತಜ್ಞರಲ್ಲಿ ತಪಾಸಣೆ ಮಾಡಿಸಿಕೊಳ್ಳುವುದು.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

1. ಕಲಂ 13(3)ರನ್ವಯ ನೈಜ ಬೆಳೆ ರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ನೀಡಲಾಗುತ್ತದೆ. ಅದು ಸಾಲದೆಂದು ಪ್ರಾಧಿಕಾರಕ್ಕೆ ಮನವರಿಕೆಯಾದಲ್ಲಿ ನುಣುಪು ನಳಿಗೆಯ ಬೇರೆ ಕೋವಿಗೆ ನೀಡಬಹುದಾಗಿದೆ.

2. ಬಂಟ್ವಾಳ ಮತ್ತು ಬೆಳ್ತಂಗಡಿ ಪೊಲೀಸ್ ಠಾಣೆಗಳು ಜಿಲ್ಲಾ ಪೊಲೀಸ್ ವ್ಯಾಪ್ತಿಯಲ್ಲಿಯೂ, ಮೂಡುಬಿದಿರೆ ಠಾಣೆಯು ಮಂಗಳೂರು ನಗರ ಪೊಲೀಸ್ ಕಮಿಷನರೇಟ್ ವ್ಯಾಪ್ತಿಯಲ್ಲಿಯೂ ಇರುತ್ತವೆ. ಅರ್ಜಿ ಸಲ್ಲಿಸುವ ಮೊದಲು ವಾಸಸ್ಥಳದ ಠಾಣಾ ವ್ಯಾಪ್ತಿಯನ್ನು ಖಚಿತಪಡಿಸಿಕೊಳ್ಳತಕ್ಕದ್ದು.

3. ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಕಲಂ 34ರಂತೆ ಅಭಯಾರಣ್ಯ ಹಾಗೂ ರಾಷ್ಟ್ರೀಯ ಉದ್ಯಾನದ 10 ಕಿ.ಮೀ. ಒಳಗೆ ಹೊಸ ಪರವಾನಗಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವಸಹಮತಿ ಬೇಕು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿರುವ ಬೆಳ್ತಂಗಡಿ ತಾಲೂಕಿನ ಗ್ರಾಮಗಳವರು ಇದನ್ನು ವಿಶೇಷವಾಗಿ ಗಮನಿಸುವುದು.

4. ಕೋವಿಯ ಪರವಾನಗಿಯು ವನ್ಯಪ್ರಾಣಿಗಳನ್ನು ಕೊಲ್ಲಲು ಅನುಮತಿಯಲ್ಲ.

5. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ ಸಾಮಾನ್ಯವಾಗಿ 5 ವರ್ಷಗಳಾಗಿರುತ್ತದೆ. ನೆರೆಯ ಕೊಡಗು ಜಿಲ್ಲೆಯಲ್ಲಿ ಕೊಡವರಿಗೆ ಹಾಗೂ ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿಯನ್ನು ಈ ತಾಲೂಕುಗಳ ಕೃಷಿಕರು ತಮಗೂ ಅನ್ವಯಿಸುವುದೆಂದು ಭಾವಿಸತಕ್ಕದ್ದಲ್ಲ.

ಅಂತರ್ಜಾಲ ಮಾರಾಟ ತಾಣಗಳಲ್ಲಿ ಯಾವುದೇ ನಳಿಗೆ ಸಾಧನವು ಮಾರಾಟಕ್ಕಿದೆ ಎಂದ ಮಾತ್ರಕ್ಕೆ ಅದು ಕಾನೂನುಬದ್ಧವೆಂದು ತಿಳಿಯಬಾರದು. ಸಂದೇಹವಿದ್ದಲ್ಲಿ ಖರೀದಿಗೆ ಮುನ್ನವೇ ಪರವಾನಗಿ ಪ್ರಾಧಿಕಾರದಿಂದ ಲಿಖಿತ ಸ್ಪಷ್ಟೀಕರಣ ಪಡೆಯತಕ್ಕದ್ದು.