ಒಂದೂರು, ನಾಲ್ಕು ಭಾಷೆ, ಒಂದೇ ಅಚ್ಚು | ನುಡಿ-ನಾಡು ಸರಣಿ, ಭಾಗ 6

ಸಾಂಗ್ಲಿ ಪಕ್ಕದ ಕುಪವಾಡ ಗೊತ್ತಾ? ಇವತ್ತು ಹೋದ್ರೆ ಕಣ್ಣಿಗೆ ಬೀಳೋದು ಎಂಐಡಿಸಿ ಕಾರ್ಖಾನೆಗಳು. ಆದ್ರೆ ಜಗತ್ತಿನ ಭಾಷಾವಿಜ್ಞಾನದ ತರಗತಿಗಳಲ್ಲಿ ‘ಕುಪ್ವಾರ್’ ಅನ್ನೋ ಹೆಸರಲ್ಲಿ ಈ ಊರು ಒಂದು ಪಾಠ. ಆ ಪಾಠದಲ್ಲಿ ನಮ್ಮ ಕನ್ನಡವೂ ಇದೆ.

1960ರ ದಶಕದಲ್ಲಿ ಇದು ಸುಮಾರು 3,000 ಜನರ ಹಳ್ಳಿ. ಹೊಲಗಳ ಒಡೆತನ ಹೆಚ್ಚಾಗಿ ಜೈನರದ್ದು, ಕಸುಬುದಾರರಲ್ಲಿ ಹೆಚ್ಚಿನವರು ಲಿಂಗಾಯತರು. ಈ ಇಬ್ಬರ ಮನೆಮಾತೂ ಕನ್ನಡ. ಮುಸ್ಲಿಮರದ್ದು ಉರ್ದು, ದಲಿತರದ್ದು ಮರಾಠಿ, ಹಗ್ಗ ಹೊಸೆಯುವ ಕೆಲವು ಮನೆಗಳದ್ದು ತೆಲುಗು. ಊರಿನ ಗಂಡಸರಲ್ಲಿ ಬಹುತೇಕ ಎಲ್ಲರಿಗೂ ಎರಡು-ಮೂರು ಭಾಷೆ ಬರ್ತಿತ್ತು.

ಇಲ್ಲಿಗೆ ಬಂದ ಜಾನ್ ಗಂಪರ್ಜ್, ರಾಬರ್ಟ್ ವಿಲ್ಸನ್ ಜೊತೆ ಸೇರಿ 1971ರಲ್ಲಿ ಒಂದು ಲೇಖನ ಪ್ರಕಟಿಸಿದರು. ಅವರು ಹೇಳಿದ್ದು ಇಷ್ಟು: ಈ ಊರಲ್ಲಿ ಕನ್ನಡ, ಮರಾಠಿ, ಉರ್ದು ಮೂರರ ವ್ಯಾಕರಣವೂ ಹೆಚ್ಚುಕಮ್ಮಿ ಒಂದೇ ಅಚ್ಚಿಗೆ ಬಂದುಬಿಟ್ಟಿದೆ. ಒಂದು ಭಾಷೆಯ ವಾಕ್ಯದಲ್ಲಿ ಪದಗಳನ್ನ ಒಂದೊಂದಾಗಿ ಬದಲಾಯಿಸ್ತಾ ಹೋದ್ರೆ ಸಾಕು, ಇನ್ನೊಂದು ಭಾಷೆಯ ವಾಕ್ಯ ತಯಾರು!

ಉದಾಹರಣೆ ನೋಡಿ. ‘ಇದು ನಿಮ್ಮ ಮನೆ’ ಅಂದ್ರೆ ಪುಸ್ತಕದ ಕನ್ನಡಕ್ಕೆ ಸಾಕು, ಕೊನೆಗೆ ಕ್ರಿಯಾಪದ ಬೇಡ. ಮರಾಠಿಗೆ ‘ಆಹೇ’ ಬೇಕು, ಉರ್ದುವಿಗೆ ‘ಹೈ’ ಬೇಕು. ಕುಪವಾಡದ ಕನ್ನಡವೂ ಆ ದಾರಿ ಹಿಡಿದು ‘ಇದು ನಿಮ್ಮ ಮನಿ ಐತಿ’ ಅನ್ನತೊಡಗಿತು. ಕೊಟ್ಟಿದ್ದೂ ಉಂಟು. ಉರ್ದುವಿನಲ್ಲಿ ನದಿ ಸ್ತ್ರೀಲಿಂಗ, ಆದ್ರೆ ಕನ್ನಡದಲ್ಲಿ ಗಂಡು-ಹೆಣ್ಣು ಅನ್ನೋ ಭೇದ ಮನುಷ್ಯರಿಗೆ ಮಾತ್ರ. ಇಲ್ಲಿನ ಉರ್ದು ಈ ಕನ್ನಡದ ಲೆಕ್ಕವನ್ನೇ ಒಪ್ಪಿಕೊಂಡು, ‘ನದೀ ಆಯೀ’ ಅನ್ನೋ ಕಡೆ ‘ನದೀ ಆಯಾ’ ಅಂತು.

ಹಾಗಾದ್ರೆ ಇಷ್ಟು ಹತ್ತಿರ ಬಂದ ಭಾಷೆಗಳು ಪೂರ್ತಿ ಒಂದೇ ಯಾಕಾಗಲಿಲ್ಲ? ಕನ್ನಡ, ಮರಾಠಿ ಈ ಸೀಮೆಯಲ್ಲಿ ಜೊತೆಗಿದ್ದು ಆರು ಶತಮಾನಕ್ಕೂ ಹೆಚ್ಚು. ಉರ್ದು ಬಂದು ಮೂರ್ನಾಲ್ಕು ಶತಮಾನ. ಕಾಲವೇನೂ ಕಮ್ಮಿ ಆಗಿರಲಿಲ್ಲ.

ಉತ್ತರ ಇರೋದು ಮನೆಯ ಹೊಸಿಲಲ್ಲಿ. ಒಳಗಿನ ಮಾತು ‘ನಮ್ಮವರು’ ಅನ್ನೋದರ ಗುರುತು. ವಾಕ್ಯದ ಅಚ್ಚು ಯಾರ ಕಣ್ಣಿಗೂ ಬೀಳಲ್ಲ, ಅದಕ್ಕೇ ಸದ್ದಿಲ್ಲದೆ ಬೆರೆತುಹೋಯ್ತು. ಪದಗಳು ಎಲ್ಲರ ಕಿವಿಗೂ ಬೀಳ್ತವೆ, ಅದಕ್ಕೇ ಬೇರೆಯಾಗಿ ಉಳಿದವು.

ಹೊಸಿಲಾಚೆ, ಬೇರೆ ಸಮುದಾಯದವರ ಜೊತೆ, ಮರಾಠಿ. ಕನ್ನಡದ ಜಮೀನ್ದಾರ ತನ್ನ ಆಳಿನ ಜೊತೆ ಆಡ್ತಿದ್ದದ್ದೂ ಅದನ್ನೇ. ಊರಿನ ಬಲಾಢ್ಯರ ಮನೆಮಾತು ಅಲ್ಲದ್ದರಿಂದ ಮರಾಠಿ ಯಾರ ಪರವೂ ಅಲ್ಲದ ಮಾತಾಗಿತ್ತು. ಇದನ್ನ ಬರೀ ಸೌಹಾರ್ದ ಅಂತ ಓದಿಬಿಟ್ಟರೆ ಅರ್ಧ ಕಥೆ ತಪ್ಪುತ್ತೆ. ಆಳಿನ ಜೊತೆ ಮನೆಮಾತು ಆಡಿದ್ರೆ ಅವನನ್ನ ‘ನಮ್ಮವನು’ ಅಂತ ಒಪ್ಪಿಕೊಂಡ ಹಾಗೆ. ಅದು ಬೇಕಿರಲಿಲ್ಲ. ಅಂದ್ರೆ ಭಾಷೆಗಳನ್ನ ಬೇರೆಬೇರೆಯಾಗಿ ಕಾಪಾಡಿದ್ದರಲ್ಲಿ ಪ್ರೀತಿಯ ಪಾಲಿದ್ದಷ್ಟೇ ಜಾತಿಯ ಗೋಡೆಯ ಪಾಲೂ ಇತ್ತು.

ಮುಂದೆ ಏನಾಯ್ತು? 1960ರಲ್ಲಿ ಮಹಾರಾಷ್ಟ್ರ ರಾಜ್ಯ ಆಯ್ತು. ಕಚೇರಿಯ ಭಾಷೆ ಮರಾಠಿ, ಶಾಲೆಯಲ್ಲೂ ಅದೇ ಮುಂದೆ ಬಂತು. 1998ರಲ್ಲಿ ಕುಪವಾಡ ಸಾಂಗ್ಲಿ-ಮಿರಜ ಜೊತೆ ಸೇರಿ ಮಹಾನಗರಪಾಲಿಕೆಯ ಭಾಗವಾಯ್ತು. ಸುಮಾರು ನಾಲ್ಕು ದಶಕದ ನಂತರ ಪುಣೆಯ ಡೆಕ್ಕನ್ ಕಾಲೇಜಿನ ಸೋನಲ್ ಕುಲಕರ್ಣಿ-ಜೋಶಿ ಈ ಊರನ್ನ ಮತ್ತೆ ಅಧ್ಯಯನ ಮಾಡಿದಾಗ, ಹಳೇ ಲೇಖನ ಹೇಳಿದಷ್ಟು ಒಂದೇ ಅಚ್ಚು ಅವರಿಗೆ ಕಾಣಲಿಲ್ಲ. ಕಂಡದ್ದು ಮರಾಠಿಯ ಮೇಲುಗೈ. ಹೊಸಿಲಾಚೆಯ ಮಾತು ಈಗ ಒಳಮನೆಗೂ ಬರ್ತಿದೆ.

‘ಬೆರಕೆ ಆದ್ರೆ ಕನ್ನಡ ಸಾಯುತ್ತೆ’ ಅಂತ ನಾವು ಆಗಾಗ ಹೇಳ್ತೀವಿ. ಕುಪವಾಡದ ಕನ್ನಡ ತಲೆಮಾರುಗಳ ಕಾಲ ಬೆರಕೆ ಆಗುತ್ತಲೇ ಬದುಕಿತ್ತು. ಅದನ್ನ ಕಾಯ್ದದ್ದು ಶುದ್ಧತೆ ಅಲ್ಲ, ದಿನಾ ಅದನ್ನೇ ಆಡಬೇಕಾದ ಒಂದು ಜಾಗ. ಹಳೇ ಗೋಡೆಗಳು ಬೀಳಲೇಬೇಕು. ಆದ್ರೆ ಆ ಜಾಗಕ್ಕೆ ಬದಲು ಇನ್ನೊಂದು ಜಾಗ ಕಟ್ಟಿಕೊಡದೆ ಹೋದ್ರೆ, ಗೋಡೆ ಜೊತೆ ಮಾತೂ ಬೀಳುತ್ತೆ.

ನಿಮ್ಮ ಮನೆಯ ಒಳಗೆ ಮಾತ್ರ ಆಡೋ ಮಾತು ಯಾವುದು? ಹೊರಗೆ ಬಂದ ಕೂಡಲೇ ಏನು ಬದಲಾಗುತ್ತೆ? ಕಾಮೆಂಟಲ್ಲಿ ಬರೀರಿ 👇

#ನುಡಿನಾಡು #ಕನ್ನಡ #ಕುಪವಾಡ #ಗಡಿನಾಡಕನ್ನಡ #ಭಾಷೆಯಇತಿಹಾಸ